ಮೇಕೆ ತಿಂದ ಗುರುತು

ಬೆಟ್ಟದಲ್ಲಿ ಓಡಿದರೆ ಪದಕ ಕೊಡುತ್ತಾರೆ ಎಂದು ಆಗ ಯಾರಾದರೂ ಹೇಳಿದ್ದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆ ಕಾಲದಲ್ಲಿ ಬೇಸಿಗೆ ಬಂತೆಂದರೆ ಓಡುವುದೇ ನಮ್ಮ ಕೆಲಸ. ರಾಜಾನುಕುಂಟೆಯ ನಮ್ಮ ಹೊಲಗಳು ಒಣಗುತ್ತಿದ್ದಂತೆ ತಾತ ಮೇಕೆಗಳನ್ನು ಹೊಡೆದುಕೊಂಡು ದೊಡ್ಡಬಳ್ಳಾಪುರದಾಚೆಯ ಬೆಟ್ಟಕ್ಕೆ ಹೊರಡುತ್ತಿದ್ದರು. ಮಳೆ ಬರುವವರೆಗೂ ಮೇಲೆ ಬಂಡೆಯ ಮಗ್ಗುಲಲ್ಲೇ ಗುಡಿಸಲು. ಬೆಟ್ಟದ ಬುಡದಲ್ಲಿ ಅತ್ತೆಯ ಮನೆ, ಬೇಸಿಗೆಯಲ್ಲಿ ನಾವು ಮಕ್ಕಳು ಅಲ್ಲೇ. ಅತ್ತೆ ಕಟ್ಟಿಕೊಟ್ಟ ಮುದ್ದೆ, ಹುರುಳಿಕಾಳಿನ ಸಾರನ್ನು ನಮ್ಮಣ್ಣ ನಂಜ ಸಂಜೆ ಓಡುತ್ತಾ ಮೇಲೆ ಮುಟ್ಟಿಸಿ, ಅಲ್ಲೇ ಮಲಗಿ ಬರುತ್ತಿದ್ದ. ಬಂದವನ ಮೈಯೆಲ್ಲ ಹೊಗೆ, ಮೇಕೆ ವಾಸನೆ. ನನಗೆ ಹೊಟ್ಟೆಯುರಿ.

ನಾನೂ ಮೇಲೆ ಮಲಗಬೇಕೆಂದು ಹಟ ಹಿಡಿದೆ. ಉಪ್ಪು ಒಯ್ಯಲು ಕೆಳಗಿಳಿದಿದ್ದ ತಾತ ಷರತ್ತು ಹಾಕಿದರು.

“ನಾಳೆ ಅಣ್ಣನ ಇಂದೆ ಓಡ್ಬಾ. ದಾರೀಲಿ ನಿಲ್ಲಂಗಿಲ್ಲ. ನಿಂತ್ರೆ ಅತ್ತೆ ಮನೆಗೆ ವಾಪಸ್ಸು.”

“ಯಾಕ್ ತಾತ?”

“ಮೇಕೆ ಇಂದೆ ಓಡಕ್ಕಾಗ್ದೋಳು ಮ್ಯಾಲೆ ಬಂದು ಏನ್ ಮಾಡ್ತೀಯವ್ವ?”

ಮರುದಿನ ಮೊಸರಿನ ತಂಬಿಗೆಗೆ ಬಟ್ಟೆ ಬಿಗಿದು ಅತ್ತೆ ನನ್ನ ಕೈಗೆ ಕೊಟ್ಟರು. ಅಣ್ಣ ಸಾರಿನ ಬುತ್ತಿ ಹಿಡಿದು ಬಾಣದಂತೆ ಹೊರಟೇಬಿಟ್ಟ. “ಕವಲಲ್ಲಿ ಓಗ್ಬಾರದ ಕಡೆ ಸೊಪ್ಪು ಆಕಿರ್ತೀನಿ, ನೋಡ್ಕಂಡ್ ಬಾರೇ ಆಮೆ!”

ಅದು ಬೆಟ್ಟದ ಪದ್ಧತಿ. ಮುಂದೆ ಹೋದವರು ತಪ್ಪು ದಾರಿಗೆ ಅಡ್ಡಲಾಗಿ ಒಂದು ಹಿಡಿ ತಂಗಡಿ ಸೊಪ್ಪು ಹಾಕಿಡಬೇಕು, ಹಿಂದೆ ಬರುವವರು ನೋಡಿ ಇನ್ನೊಂದು ದಾರಿ ಹಿಡಿಯಬೇಕು. ತಂಗಡಿಯೇ ಏಕೆಂದರೆ ಮೇಕೆ ಅದಕ್ಕೆ ಬಾಯಿ ಹಾಕುವುದಿಲ್ಲ.

ಕಾದ ಕಲ್ಲು, ಒಣಹುಲ್ಲಿನ ಬಿಸಿ ವಾಸನೆ, ಎದೆಯೊಳಗೆ ತಮಟೆ. ಓಡಿದೆ, ಓಡಿದೆ. ಕವಲಿಗೆ ಬಂದು ನೋಡಿದರೆ ಎಡಕ್ಕೂ ಸೊಪ್ಪಿಲ್ಲ, ಬಲಕ್ಕೂ ಇಲ್ಲ! ಅಣ್ಣನೂ ಕಾಣಿಸುವುದಿಲ್ಲ. ಯೋಚಿಸೋಣವೆಂದರೆ ನಿಲ್ಲುವಂತಿಲ್ಲ. ಎಡಕ್ಕೆ ಸ್ವಲ್ಪ ಓಡಿದೆ, ಇದಲ್ಲವೇನೋ ಅನ್ನಿಸಿತು. ತಿರುಗಿ ಬಲಕ್ಕೆ ಓಡಿದೆ, ಅದೂ ಅಲ್ಲವೇನೋ. ಮತ್ತೆ ಎಡಕ್ಕೆ. ತಲೆ ಗಿರ್ರೆಂದಿತು, ಕಣ್ಣಲ್ಲಿ ನೀರು, ಕಾಲು ಮಾತ್ರ ನಿಲ್ಲಲಿಲ್ಲ.

“ಏನವ್ವಾ ಇದು, ಗಾಣದೆತ್ತಂಗೆ ಸುತ್ತುತಿದ್ದೀಯ?”

ನಾನು ಬರಲಿಲ್ಲವೆಂದು ತಾತ ಹುಡುಕಿಕೊಂಡು ಇಳಿದು ಬಂದಿದ್ದರು. ಹಿಂದೆಯೇ ಅಣ್ಣ.

“ದಾರಿ ಗೊತ್ತಿಲ್ಲ ತಾತ! ನಿಂತ್ರೆ ವಾಪಸ್ ಕಳಿಸ್ತೀಯಲ್ಲ!” ಎಂದೆ, ಓಡುತ್ತಲೇ.

ಪೊದೆಯ ಪಕ್ಕದಲ್ಲಿ ನಮ್ಮದೇ ಕರಿ ಮೇಕೆ ಬಾಯಾಡಿಸುತ್ತಿತ್ತು. ಬಾಯಿಂದ ಎಲೆಯ ತೊಟ್ಟೊಂದು ಇಣುಕುತ್ತಿತ್ತು. ತಾತ ಅಣ್ಣನ ಕಿವಿ ಹಿಡಿದರು. “ಅತ್ತಿ ಮರದ ಸೊಪ್ಪು ಆಕಿದ್ದೀಯೇನ್ಲಾ, ಬಡ್ಡೈದ್ನೆ? ಮೇಕೆಗೆ ಅಬ್ಬದೂಟ ಆಕ್ದಂಗಾಯ್ತು!”

“ತಂಗಡಿ ಸಿಗ್ಲಿಲ್ಲ ತಾತ, ಕೈಗೆ ಸಿಕ್ಕಿದ್ದು ಆಕ್ದೆ...”

ತಾತ ತಂಬಿಗೆಯ ಬಟ್ಟೆ ಬಿಚ್ಚಿದರು. ಓಡಾಟಕ್ಕೆ ಮೊಸರೆಲ್ಲ ಕಡೆದುಹೋಗಿ ಮೇಲೆ ಬೆಣ್ಣೆ ತೇಲುತ್ತಿತ್ತು. ಅದನ್ನು ಬೆರಳಲ್ಲಿ ತೆಗೆದು ನನ್ನ ಬಾಯಿಗಿಟ್ಟರು. “ನಡಿಯವ್ವ, ನಿನ್ ಜಾಗ ಮ್ಯಾಲೇನೇ.”

ಆ ರಾತ್ರಿ ಬೆನ್ನ ಕೆಳಗೆ ಬಂಡೆಯ ಬಿಸಿ, ಪಕ್ಕದಲ್ಲಿ ಕರಿ ಮೇಕೆಯ ಉಸಿರು. ಅಂಥ ನಿದ್ದೆ ಮತ್ತೆ ಬರಲೇ ಇಲ್ಲ.

ಈ ಬೇಸಿಗೆಯಲ್ಲಿ ಮೊಮ್ಮಗಳು ದೀಪು ಅದೇ ಬೆಟ್ಟದ ಓಟಕ್ಕೆ ಹೆಸರು ಕೊಟ್ಟಳು. ಯಲಹಂಕದಿಂದ ನನ್ನನ್ನೂ ಕರೆದುಕೊಂಡು ಹೋಗಿ ಟೆಂಟಿನಲ್ಲಿ ಮಲಗಿಸಿಕೊಂಡಳು. ನನ್ನ ಸಂತೋಷ ಕೇಳಬೇಡಿ! ಸಂಜೆ ಅವಳ ಕೈ ಹಿಡಿದು ಕವಲಿನವರೆಗೂ ಹತ್ತಿದೆ. ಓಡುವವರಿಗೆ ಗುರುತೆಂದು ದಾರಿಯುದ್ದಕ್ಕೂ ಗಿಡಗಳಿಗೆ ಕೆಂಪು ಪಟ್ಟಿ ಕಟ್ಟಿದ್ದರು. ನನ್ನ ಕತೆ ಕೇಳಿ ದೀಪು ನಕ್ಕಳು. “ಸಖತ್ತಾಗಿದೆ ಅಜ್ಜಿ! ನಾವೂ ಅತ್ತಿ ಸೊಪ್ಪು ಹಾಕೋಣ್ವಾ?”

“ಹಾಕು, ಬೆಳಿಗ್ಗೆಗೆ ಇರಲ್ಲ ನೋಡು” ಎಂದೆ.

ಬೆಳಿಗ್ಗೆ ಅವಳು ಓಡಿ ಇಳಿದು ಬಂದಳು. ಕೊರಳಲ್ಲಿ ಪದಕ, ಮುಖ ಕೆಂಪಗೆ. ಅವಳನ್ನು ತಬ್ಬಿಕೊಂಡು ಮೊದಲು ಕೇಳಿದ್ದು ಸೊಪ್ಪಿನ ವಿಷಯ.

“ಹಂಗೇ ಬಿದ್ದಿದೆ ಅಜ್ಜಿ. ಬಾಡಿದೆ ಅಷ್ಟೇ, ಒಂದು ಎಲೇನೂ ಹೋಗಿಲ್ಲ!” ಎಂದಳು, ನನಗೆ ಖುಷಿಯಾಗುತ್ತದೆಂದು.

ಒಂದಾದರೂ ಮೇಕೆ ಕಾಣುತ್ತದೇನೋ ಎಂದು ಬೆಟ್ಟದ ಕಡೆಗೇ ನೋಡುತ್ತಾ ನಿಂತುಬಿಟ್ಟೆ.