ಯಲವಿಗಿಗೆ ಬಂದ ಸಮುದ್ರ

ನಾನು ಕಲಿಸುತ್ತಿದ್ದ ಶಾಲೆಯ ಡ್ರಾಯಿಂಗ್ ಮಾಸ್ತರರು ಮಾತಿನ ನಡುವೆ ಸುಮ್ಮನಾಗಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಒರೆಸುತ್ತಿದ್ದರು. ಏನ್ರಿ ಎಂದರೆ, "ತಡೀರಿ ಸರ್, ಇನ್ನೂ ಬರಾಕತ್ತೈತಿ" ಎನ್ನುತ್ತಿದ್ದರು. ಚಿತ್ರಕಲೆಯಲ್ಲಿ ಎಂ.ಎ. ಮಾಡಿದ ನನಗೆ ಹಾಗೆ ಏನೂ ಬರುತ್ತಿರಲಿಲ್ಲ. ಹಗಲುಗನಸಿನ ಕಲೆಯ ಕಾಲ ಮುಗಿಯಿತೆಂಬುದು ಮಾತ್ರ ಗೊತ್ತಿತ್ತು.

ಹುಬ್ಬಳ್ಳಿಯ ಒಂದು ಪ್ರದರ್ಶನಕ್ಕೆ ಇಬ್ಬರೂ ಚಿತ್ರ ಕಳಿಸಿದೆವು. ಅವರದು ಆಯ್ಕೆಯಾಯಿತು. ನೋಡಲು ಹೋದೆ. ಚಿತ್ರದಲ್ಲಿ, ಬಯಲುಸೀಮೆಯ ಯಲವಿಗಿ ಸ್ಟೇಷನ್ನಿಗೆ ಸಮುದ್ರ ಬಂದಿದೆ. ಮೊಣಕಾಲುದ್ದ ನೀರಿನಲ್ಲಿ ಜನ ಚಪ್ಪಲಿ ಕೈಯಲ್ಲಿ ಹಿಡಿದು ರೈಲು ಕಾಯುತ್ತಿದ್ದಾರೆ. ಹೊಟ್ಟೆ ಉರಿಯಿತು. ಈ ಕನಸು ನನ್ನದು! ಒಮ್ಮೆ ರೈಲು ತಡವಾದಾಗ ಅದೇ ಪ್ಲಾಟ್‌ಫಾರ್ಮಿನಲ್ಲಿ ನಾನೇ ಅವರಿಗೆ ಹೇಳಿದ್ದೆ. ನಿಜವಾಗಿ ಹೇಳಿದ್ದೆನೋ, ಚಿತ್ರ ನೋಡಿದ ಮೇಲೆ ಆ ನೆನಪು ಹುಟ್ಟಿತೋ ಎಂಬ ಅನುಮಾನವೂ ಆಗಲೇ ಬಂತು. ಪಕ್ಕದಲ್ಲೇ ನಿಂತಿದ್ದ ಅವರನ್ನು ಕೇಳಿಯೇಬಿಟ್ಟೆ.

"ಇದು ನಾ ಹೇಳಿದ್ದಲ್ಲೇನ್ರಿ, ಮಾಸ್ತರ?"

"ಹೌದ್ರಿ ಸರ್, ನೀವ ಹೇಳಿದ್ರಿ. ಹೇಳಿ ನಕ್ಕುಬಿಟ್ರಿ. ನನಗ ಮನೀಗೆ ಹೋದ್ರೂ ನೀರು ಇಳೀಲಿಲ್ಲ ನೋಡ್ರಿ. ಕೆಳಗ ನಿಮ್ಮ ಹೆಸರೂ ಬರೀಲೇನು?"

ಬರೆಯಿರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಮುದುಕಿ ಚಿತ್ರದ ಹತ್ತಿರ ಬಂದು, ತನಗರಿವಿಲ್ಲದೆಯೇ ಸೀರೆಯ ಅಂಚನ್ನು ತುಸು ಮೇಲೆ ಹಿಡಿದು ನಿಂತಳು.

"ಬ್ಯಾಡ್ರಿ" ಎಂದೆ. ಆ ನೀರನ್ನು ನಾನು ಬರೆದಿದ್ದರೆ ಆಕೆಗೆ ಒದ್ದೆಯಾಗುವ ಭಯವೇ ಬರುತ್ತಿರಲಿಲ್ಲ.