ಕಡಲಿಗೆ ಮುಖಮಾಡಿದ ದೊಡ್ಡಮ್ಮ

ಟರ್ಪೆಂಟೈನಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದ ನಮ್ಮ ಫ್ಲ್ಯಾಟು ನೆನಪಾಗಿ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನುಗಳು ಹಾರ್ನ್ ಹೊಡೆದು ಜನರನ್ನು ಕರೆಯುತ್ತಿದ್ದರೆ ಮೇಲೆ ನಡುಮನೆಯಲ್ಲಿ ಅಮ್ಮ ಕಡಲಿನ ಚಿತ್ರ ಬರೆಯುತ್ತಿದ್ದಳು. ಅವಳ ಊರು ಹೊನ್ನಾವರದ ಕಡಲು: ಮುಳುಗುವ ಕೆಂಪು ಸೂರ್ಯ, ಒದ್ದೆ ಮರಳು, ನಮಗೆ ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು. ಅವಳು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಕೊನೆಯ ದಿನಗಳಲ್ಲಿ ತಂಗಿಯ ದಾರಿ ನೋಡಿ ನೋಡಿ ಕಣ್ಣು ಮುಚ್ಚಿದಳಂತೆ. ಆಗ ನಾನು ಹೊಟ್ಟೆಯಲ್ಲಿದ್ದೆ. ಅಮ್ಮನಿಗೆ ವಿಮಾನ ಹತ್ತಲು ಡಾಕ್ಟರು ಬಿಡಲಿಲ್ಲ. "ವೈ ಈಸಂಟ್ ಶಿ ಟರ್ನಿಂಗ್, ಅಮ್ಮಾ?" ಎಂದು ಕೇಳಿದ್ದೆ, ನಾವು ಅಲ್ಲಿ ಬೆಳೆದ ಮಕ್ಕಳು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಮಾತಾಡುವ ಜಾತಿ. "ನಾ ಬರ್ಲಿಲ್ಲ ಅಂತ ಸಿಟ್ಟು ಅವ್ಳಿಗೆ, ಕೂಸೇ" ಎಂದಿದ್ದಳು. ಮುಸ್ಸಂಜೆ ದೀಪ ಹಾಕದೆ ಅಮ್ಮ ಆ ಚಿತ್ರದೆದುರು ನಿಂತರೆ ನನಗೆ ಕಾಣುತ್ತಿದ್ದದ್ದು ಎರಡು ಬೆನ್ನು. ಯಾವುದು ಅಮ್ಮನದೆಂದು ಒಂದು ಗಳಿಗೆ ತಿಳಿಯದೆ, ಹೆದರಿ ಅವಳ ದುಪಟ್ಟಾ ಹಿಡಿದೆಳೆಯುತ್ತಿದ್ದೆ.

ಒಂದು ರಜೆಯಲ್ಲಿ ಅಪ್ಪ ನಮ್ಮನ್ನು ಹೊಸದಾಗಿ ಶುರುವಾಗಿದ್ದ ರೈಲಿನಲ್ಲಿ ಮೊಂಬಾಸಾಕ್ಕೆ ಕರೆದೊಯ್ದ. ಅಮ್ಮ ಮರಳಿನ ಮೇಲೆ ಚಾಪೆ ಹಾಸಿ, ಸೂರ್ಯ ಮುಳುಗುವುದನ್ನು ನೋಡಲು ಕಡಲಿಗೆ ಮುಖಮಾಡಿ ಕೂತಳು. ಎಷ್ಟು ಹೊತ್ತಾದರೂ ಎದುರಿಗೆ ಕೆಂಪು ಬರಲೇ ಇಲ್ಲ. ನೀರು ಸುಮ್ಮನೆ ಬಣ್ಣ ಕಳೆದುಕೊಳ್ಳುತ್ತಿತ್ತು. "ಇದೆಂತದು, ಸೂರ್ಯ ಎಲ್ಲಿ ಹೋದ?" ಎಂದಳು. ಮೈಸೂರಿನವನಾದ ಅಪ್ಪ ನಕ್ಕುಬಿಟ್ಟ: "ಹಿಂದೆ ನೋಡೇ! ಇಲ್ಲಿ ಕಡಲು ಇರೋದು ಪೂರ್ವಕ್ಕೆ." ಪಡುಗಡಲಿನ ಮಗಳಿಗೆ ಅದು ಹೊಳೆದೇ ಇರಲಿಲ್ಲ. ಅವಳು ನಗಲಿಲ್ಲ. ಅವಳ ನೆರಳು ಉದ್ದಕ್ಕೆ ಚಾಚಿ ನೀರಿಗಿಳಿದಿತ್ತು. ಅದನ್ನೇ ನೋಡುತ್ತಿದ್ದಳು.

ಮನೆಗೆ ಬಂದವಳೇ ಚಿತ್ರಕ್ಕೊಂದು ನೆರಳು ಸೇರಿಸಿದಳು. ಅದು ಕೆಳಗಿನ ಅಂಚಿನಿಂದ ಹೊರಟು, ಮರಳು ದಾಟಿ, ದೊಡ್ಡಮ್ಮನ ಹಿಮ್ಮಡಿ ಮುಟ್ಟುತ್ತಿತ್ತು.

"ಸೂರ್ಯ ಎದುರಿಗಿದ್ದಾಗ ನೆರಳು ಹಾಗೆ ಬೀಳುತ್ತೇನೇ?" ಎಂದ ಅಪ್ಪ.

"ಅದು ನಂದು. ನಾ ಬಂದು ಹಿಂದೆ ನಿಂತದ್ದು. ಇನ್ನಾದ್ರೂ ತಿರುಗ್ತಾಳೆ."

ಅಂದಿನಿಂದ ನಾನು ಆ ಕೋಣೆಯಲ್ಲಿ ಒಬ್ಬಳೇ ಕೂರುವುದನ್ನು ಬಿಟ್ಟೆ.

ಫ್ಲ್ಯಾಟಿನಲ್ಲಿ ಈಗ ಬೇರೆಯವರಿದ್ದಾರೆ. ಅಮ್ಮನೂ ಹೋದಳು. ಚಿತ್ರ ನನ್ನ ಮನೆಯ ಗೋಡೆಗೆ ಬಂದಿದೆ. ಅಮ್ಮನ ಫೋಟೋಗಳು ಬೇಕಾದಷ್ಟಿವೆ, ಆದರೂ ಅವಳು ಬೇಕೇ ಬೇಕೆನಿಸಿದಾಗ ನಾನು ಹೋಗಿ ನಿಲ್ಲುವುದು ಆ ನೆರಳಿನ ಬುಡದಲ್ಲಿ. ನಿಂತಷ್ಟು ಹೊತ್ತೂ ಭಯವಾಗುತ್ತದೆ. ದೊಡ್ಡಮ್ಮ ಇನ್ನೂ ತಿರುಗಿಲ್ಲ. ಈಗ ತಿರುಗಿದರೆ ಅವಳಿಗೆ ಕಾಣುವುದು, ಅಂದು ಅಮ್ಮನನ್ನು ಬರಗೊಡದ ನಾನು.