ಹೊಲಿಗೆ ಟೀಚರ ಯಂತ್ರಮಾನವ

ಹೊಸನಗರದ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಪುಷ್ಪಮ್ಮ ಟೀಚರಿಗೆ ಒಂದು ಚಟ. ಹುಡುಗಿಯರ ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಕಸಿದುಕೊಂಡು, ಬಿಚ್ಚಿ, ತಾವೇ ಹಾಕಿಬಿಡುತ್ತಿದ್ದರು. ಹೀಗಾಗಿ ಅವರ ಕ್ಲಾಸಿನ ಲಂಗಗಳೆಲ್ಲ ಅಚ್ಚುಕಟ್ಟು, ಹುಡುಗಿಯರಿಗೆ ಮಾತ್ರ ಹೊಲಿಗೆ ಬರುತ್ತಿರಲಿಲ್ಲ.

೧೯೮೪ರಲ್ಲಿ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿ, ಸಾಗರದ ವಿಜ್ಞಾನ ಸ್ಪರ್ಧೆಗೆ ತಂಡ ಕಟ್ಟುವ ಕೆಲಸ ಇವರ ತಲೆಗೆ ಬಂತು. ತಾನಾಗಿ ಕೆಲಸ ಮಾಡುವ ಯಂತ್ರ ಆಗಬೇಕು. ಮೊದಲ ಎರಡು ತಂಡಗಳು ಮೈಸೂರಿನ ಮುಂದಿನ ಸುತ್ತಿಗೆ. ಟೀಚರು ಕೈ ಹಾಕಿದರೆ ಹತ್ತು ಅಂಕ ಕಡಿತ.

"ಹೊಲಿಗೆ ಮಿಷನ್ ಬಿಟ್ರೆ ಬೇರೆ ಯಂತ್ರ ನೋಡಿದ್ದೀರೇನ್ರೀ?" ಎಂದು ಹೆಡ್‌ಮಾಸ್ಟರ್ ಮುಕುಂದಯ್ಯ ನಕ್ಕರು. ಆ ನಗು ನಾಟಿತು. ಹುಡುಗಿಯರನ್ನು ಮೈಸೂರಿಗೆ ಕರೆದೊಯ್ದೇ ಸೈ ಎಂದು ಪುಷ್ಪಮ್ಮ ಹಟ ಹಿಡಿದರು.

ಒಂಬತ್ತನೇ ಕ್ಲಾಸಿನ ಜಲಜಾಕ್ಷಿ ಮತ್ತು ಅವಳ ಇಬ್ಬರು ಗೆಳತಿಯರು ನಿಂಬೆಹಣ್ಣು ಎತ್ತಿಡುವ ಯಂತ್ರಮಾನವನನ್ನು ಮಾಡಹೊರಟರು. ರೇಡಿಯೋ ರಿಪೇರಿಯ ಗಣೇಶಮೂರ್ತಿ ಕೆಟ್ಟ ಟೇಪ್‌ರೆಕಾರ್ಡರಿನ ಮೋಟರು ಕೊಟ್ಟ. ಟೀಚರ ಮಿಷನ್ನಿನ ನೂಲು ಸುತ್ತುವ ಬಾಬಿನ್ನುಗಳು ರಾಟೆಯಾದವು, ಕೊಡೆಕಡ್ಡಿಗಳು ಬೆರಳಾದವು. ಯಂತ್ರದ ಕೈ ಎಳೆಯಲು ಜಲಜಾಕ್ಷಿ, ಹಿನ್ನೀರಿನಲ್ಲಿ ಮೀನು ಹಿಡಿಯುವ ಅಪ್ಪನ ಗಾಳದ ನೈಲಾನ್ ದಾರ ತಂದಳು. ಎರಡು ತಿಂಗಳು ಟೀಚರು ಬಾಯಿ ಆಡಿಸಿದರೇ ಹೊರತು ಕೈ ಆಡಿಸಲಿಲ್ಲ. ಅವರ ಮಟ್ಟಿಗೆ ಅದು ತಪಸ್ಸೇ.

ಹೊರಡುವ ಹಿಂದಿನ ದಿನ, ಹುಡುಗಿಯರು ಮನೆಗೆ ಹೋದ ಮೇಲೆ ತಪಸ್ಸು ಕೆಟ್ಟಿತು. ಮೀನು ನಾತದ ಆ ದಾರ, ಅದರ ದಪ್ಪ ಗಂಟುಗಳು! ನೋಡಿ ನೋಡಿ ತಡೆಯಲಾಗಲಿಲ್ಲ. ಅದನ್ನು ಕಿತ್ತು, ಕಸೂತಿಯ ಕೆಂಪು ರೇಷ್ಮೆ ನೂಲು ಪೋಣಿಸಿ, ಗಂಟೇ ಕಾಣದಂತೆ ಕಟ್ಟಿದರು. ಎಷ್ಟು ಚೆಂದ ಕಂಡಿತೆಂದರೆ, ತಪ್ಪು ಮಾಡಿದೆನೆಂದು ಆ ಪುಣ್ಯಾತ್ಗಿತ್ತಿಗೆ ಅನ್ನಿಸಲೇ ಇಲ್ಲ.

ಬೆಳಿಗ್ಗೆ ಜಲಜಾಕ್ಷಿ ಅದನ್ನು ಕಂಡಳು. ಕಿತ್ತು ಬಿದ್ದಿದ್ದ ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಸಾಗರದಲ್ಲಿ, ತೀರ್ಪುಗಾರ ಮಹಾಗಣಪತಿಯವರ ಎದುರು ಮೂರನೇ ಸಲ ಎತ್ತುವಾಗ ರೇಷ್ಮೆ ನೂಲು ಬಾಬಿನ್ನಿನ ಅಂಚಿಗೆ ಉಜ್ಜಿ ಪಟ್ಟೆಂದು ಹರಿಯಿತು. ನಿಂಬೆಹಣ್ಣು ಉರುಳಿ ಅವರ ಕುರ್ಚಿಯಡಿ ಸೇರಿತು. ಜಲಜಾಕ್ಷಿ ಚೀಲದಿಂದ ಗಾಳದ ದಾರ ತೆಗೆದು ಐದೇ ನಿಮಿಷದಲ್ಲಿ ಕಟ್ಟಿದಳು. ಯಂತ್ರ ಹತ್ತು ಸಲ ಎತ್ತಿತು.

"ಇದು ಗಟ್ಟಿ ಅಂತ ಗೊತ್ತಿದ್ದೂ ರೇಷ್ಮೆ ಯಾಕಮ್ಮ ಹಾಕಿದ್ದು?" ಎಂದು ಮಹಾಗಣಪತಿ ಕೇಳಿದರು.

"ಚೆಂದ ಕಾಣ್ಲಿ ಅಂತ ನಾನೇ ಹಾಕಿದ್ದು ಸಾರ್" ಎಂದಳು ಹುಡುಗಿ.

ಸುಮ್ಮನಿದ್ದರೆ ಮೈಸೂರು ಕೈಯಲ್ಲೇ ಇತ್ತು. ಆದರೆ ತನ್ನ ತಪ್ಪನ್ನು ಮಗು ಹೊರುವುದು ಪುಷ್ಪಮ್ಮನವರಿಗೆ ಸಹಿಸಲಾಗಲಿಲ್ಲ.

"ಇಲ್ಲ ಸಾರ್. ಹಾಕಿದ್ದು ನಾನು" ಎಂದರು.

ಮಹಾಗಣಪತಿ ಮುಲಾಜಿಲ್ಲದೆ ಹತ್ತು ಅಂಕ ಕಳೆದರು. ಎದುರಿಗೇ ರಿಪೇರಿ ಮಾಡಿ ತೋರಿಸಿದ್ದಕ್ಕೆ ಅಂಕ ಕೊಟ್ಟರು. ಮೊದಲ ಬಹುಮಾನ ಹೋಯಿತು, ಎರಡನೆಯದು ಉಳಿಯಿತು. ಅಂತೂ ಮೈಸೂರು!

ಬಸ್‌ಸ್ಟ್ಯಾಂಡಿನಲ್ಲಿ ಜಲಜಾಕ್ಷಿ ಮೆಲ್ಲಗೆ ಬಾಯಿಬಿಟ್ಟಳು. "ಟೀಚರ್, ಮೈಸೂರಿಗೆ ನೀವು ಬರ್ಲೇಬೇಕು. ಆದ್ರೆ..."

ಅವಳು ಮಾತು ಮುಗಿಸಲಿಲ್ಲ. ಪುಷ್ಪಮ್ಮ ಎದುರಿನ ಅಂಗಡಿಗೆ ಹೋಗಿ ಒಂದು ಬೀಗ ಕೊಂಡು ತಂದರು. ಯಂತ್ರದ ಪೆಟ್ಟಿಗೆಗೆ ಹಾಕಿ, ಎರಡು ಬೀಗದಕೈಗಳನ್ನೂ ಅವಳ ಅಂಗೈಗಿಟ್ಟರು.

"ಎರಡೂ ನಿನ್ ಹತ್ರಾನೇ ಇರ್ಲಿ ಮಾರಾಯ್ತಿ. ನಾನು ಅತ್ತು ಕೇಳಿದ್ರೂ ಕೊಡ್ಬೇಡ."